ಒಳಗಿದ್ದವರ ಮಾತು: ಪಾಲ್ ಹಂಟ್ ಬರಹಗಳನ್ನು ಓದಿ

ಕಳೆದ ದೀಪಾವಳಿಯ ಸಮಯದಲ್ಲಿ ಸಂಘದ ಪರವಾಗಿ ನಾವು ನಾಲ್ಕೈದು ಮಂದಿ ಉಪನಗರದ ಒಂದು ವೃದ್ಧಾಶ್ರಮಕ್ಕೆ ಕಂಬಳಿ, ಹಣ್ಣು, ಸಿಹಿತಿಂಡಿ ತೆಗೆದುಕೊಂಡು ಹೋಗಿದ್ದೆವು. ವರ್ಷಕ್ಕೊಮ್ಮೆ ನಡೆಯುವ ಕಾರ್ಯಕ್ರಮ. ವ್ಯವಸ್ಥಾಪಕರು ಎದುರುಗೊಂಡರು, ಚಹಾ ಕೊಟ್ಟರು, ಫೋಟೋ ತೆಗೆಸಿದರು. ಹೊರಡುವಾಗ ಧಾರವಾಡದ ಕಡೆಯ ಒಬ್ಬ ಹಿರಿಯರು, ಮಿಲ್ಲಿನಲ್ಲಿ ಗುಮಾಸ್ತರಾಗಿ ದುಡಿದು ನಿವೃತ್ತರಾದವರು, ನಮ್ಮ ಕನ್ನಡ ಕೇಳಿ ಹತ್ತಿರ ಬಂದರು. “ಕಂಬಳಿ ಭಾಳ ಅದಾವ್ರೀ. ಎಂಟಕ್ಕ ದೀಪಾ ಆರಸ್ತಾರ. ಒಂಬತ್ತರ ತನಕಾ ಓದಾಕ ದೀಪಾ ಇರಲಿ ಅಂತ ಹೇಳತೀರೇನು?” ಎಂದರು. ನಾವು ಉತ್ಸಾಹದಿಂದ ಕೂಡಲೇ ಹಿಂತಿರುಗಿ ವ್ಯವಸ್ಥಾಪಕರಿಗೆ ಹೇಳಿದೆವು; ಹೇಳಿದವರು ಯಾರೆಂಬುದನ್ನೂ ತಿಳಿಸಿದೆವು. ಅವರು ನಕ್ಕು, “ನೋಡೋಣ” ಎಂದರು.

ಯುಗಾದಿಗೆ ಮತ್ತೆ ಹೋದಾಗ ಆ ಹಿರಿಯರು ನಮ್ಮನ್ನು ನೋಡಿಯೂ ನೋಡದಂತೆ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ ಇಷ್ಟೇ ಅಂದರು: “ಹೇಳಿದ್ದು ಛಲೋ ಆತ್ರಿ. ಆದ್ರ ನನ್ನ ಹೆಸರ ಯಾಕ ಹೇಳಿದ್ರಿ? ನೀವು ಮನೀಗೆ ಹೋಗ್ತೀರಿ. ನಾ ಇಲ್ಲೇ ಇರಬೇಕಲ್ಲ.” ದೀಪ ಎಂಟಕ್ಕೇ ಆರುತ್ತಿತ್ತು. ಅವರ ಮಂಚ ಮಾತ್ರ ಕಿಟಕಿಯ ಪಕ್ಕದಿಂದ ಬಾಗಿಲ ಪಕ್ಕಕ್ಕೆ ಬಂದಿತ್ತು.

ಈ ಮಾತು ಮನಸ್ಸನ್ನು ಕೊರೆಯುತ್ತಿದ್ದ ದಿನಗಳಲ್ಲಿಯೇ ಇಂಗ್ಲೆಂಡಿನ ಪಾಲ್ ಹಂಟ್ ಅವರ ಬರಹಗಳು ನಮ್ಮ ಓದಿಗೆ ಬಂದವು. ಆರೈಕೆಯ ಮನೆಯೊಂದರಲ್ಲಿ ಹದಿನಾಲ್ಕು ವರ್ಷ ಬಾಳಿ, ಅಲ್ಲಿದ್ದುಕೊಂಡೇ ಅಲ್ಲಿನವರ ಪರವಾಗಿ ಮಾತಾಡಿದವರು ಇವರು. ಕನ್ನಡದ ವಾಚಕರಿಗೆ ಇವರ ಪರಿಚಯ ಅಷ್ಟಾಗಿ ಇಲ್ಲವೆಂದು ನಾವು ಭಾವಿಸುತ್ತೇವೆ. ಆದುದರಿಂದ ಅವರು ಸಂಪಾದಿಸಿದ ಒಂದು ಗ್ರಂಥ, ಅವರಂಥವರನ್ನು ಕುರಿತು ಬೇರೆಯವರು ಬರೆದ ಇನ್ನೊಂದು ಗ್ರಂಥ, ಅದಕ್ಕೆ ಅವರು ಕೊಟ್ಟ ಉತ್ತರ, ಈ ಮೂರನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ಮೊದಲು ಹಿನ್ನೆಲೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಸೇನೆಯ ವಿಮಾನ ಚಾಲಕರಾಗಿ ವಿಕ್ಟೋರಿಯಾ ಕ್ರಾಸ್ ಪಡೆದ ಲಿಯೊನಾರ್ಡ್ ಚೆಷೈರ್, 1945ರಲ್ಲಿ ನಾಗಸಾಕಿಯ ಮೇಲೆ ಬಾಂಬು ಬಿದ್ದುದನ್ನು ಬ್ರಿಟನ್ನಿನ ವೀಕ್ಷಕರಾಗಿ ಕಣ್ಣಾರೆ ಕಂಡವರು. 1948ರಲ್ಲಿ ಅವರು ಹ್ಯಾಂಪ್‌ಷೈರಿನ ಲೆ ಕೋರ್ಟ್ ಎಂಬ ಹಳೆಯ ಬಂಗಲೆಯಲ್ಲಿ, ಸಾಯುತ್ತಿದ್ದ ಒಬ್ಬ ವೃದ್ಧನಿಗೆ ಆಶ್ರಯವಿತ್ತು ಶುಶ್ರೂಷೆ ಮಾಡಿದರು. ಅದೇ ಮೊದಲಾಗಿ ಚೆಷೈರ್ ಹೋಮ್‌ಗಳು ಹುಟ್ಟಿಕೊಂಡವು. ಈ ಮನೆಗಳು ಇಂಗ್ಲೆಂಡನ್ನು ದಾಟಿ ಹೊರಗೆ ಬಂದಾಗ ಮೊದಲು ಕಾಲಿಟ್ಟ ಊರುಗಳಲ್ಲಿ ನಮ್ಮ ಮುಂಬಯಿಯೂ ಒಂದು. ಐವತ್ತರ ದಶಕದ ನಡುವಿನಲ್ಲಿ ಅಂಧೇರಿಯಲ್ಲಿ ಒಂದು ಮನೆ ತೆರೆಯಿತು. ಮುಂದೆ ಬೆಂಗಳೂರಿನಲ್ಲಿಯೂ ಆಯಿತು. ಈ ಲೇಖನ ಆ ಮನೆಗಳನ್ನು ಕುರಿತದ್ದಲ್ಲ. ಆದರೆ ಹಂಟ್ ಅವರ ಪ್ರಶ್ನೆ ಹುಟ್ಟಿದ ಮನೆಗೂ ನಮ್ಮ ಊರಿಗೂ ಹೀಗೊಂದು ನಂಟು ಇದೆಯೆಂಬುದನ್ನು ವಾಚಕರು ಗಮನಿಸಬೇಕು.

ಹಂಟ್ ಹುಟ್ಟಿದ್ದು 1937ರಲ್ಲಿ. ಸ್ನಾಯುಗಳು ಕ್ರಮೇಣ ಕ್ಷೀಣಿಸುವ ರೋಗ ಬಾಲ್ಯದಿಂದಲೇ ಅವರನ್ನು ಹಿಡಿದಿತ್ತು. ಆಸ್ಪತ್ರೆಯ ವಾಸ ಮುಗಿಸಿ 1956ರಲ್ಲಿ ಲೆ ಕೋರ್ಟಿಗೆ ಬಂದರು. 1970ರಲ್ಲಿ ವಿವಾಹವಾಗಿ ಅಲ್ಲಿಂದ ಹೊರಬಿದ್ದರು. ಆ ನಡುವಿನ ವರ್ಷಗಳಲ್ಲಿ ಅಲ್ಲಿನ ನಿವಾಸಿಗಳು ಆಡಳಿತದೊಡನೆ ಗುದ್ದಾಡಿದ್ದು ಯಾವ ದೊಡ್ಡ ತತ್ತ್ವಕ್ಕಾಗಿಯೂ ಅಲ್ಲ. ಯಾವಾಗ ಮಲಗಬೇಕೆಂಬುದನ್ನು ತಾವೇ ನಿಶ್ಚಯಿಸುವುದು, ಅನುಮತಿ ಬೇಡದೆ ಹೊರಗೆ ಹೋಗಿ ಬರುವುದು, ಬೇಕೆನಿಸಿದರೆ ಒಂದು ಲೋಟ ಮದ್ಯ ಕುಡಿಯುವುದು, ಗಂಡಸರೂ ಹೆಂಗಸರೂ ಮೇಲ್ವಿಚಾರಣೆಯಿಲ್ಲದೆ ಸ್ನೇಹದಿಂದಿರುವುದು. ಹೊರಗಿದ್ದವರು ಇವನ್ನು ಹಕ್ಕುಗಳೆಂದು ಎಣಿಸುವುದೂ ಇಲ್ಲ, ಅಷ್ಟು ಸಹಜ. ಒಳಗಿದ್ದವರಿಗೆ ಇವೊಂದೊಂದೂ ಸಭೆ, ಅರ್ಜಿ, ಜಗಳ. ಎಂಟಕ್ಕೆ ಆರುವ ದೀಪದ ಕಥೆ ಕೇಳಿಬಂದ ನಮಗೆ ಈ ಪಟ್ಟಿಯ ಮೊದಲ ಅಂಶ ಓದಿದಾಗಲೇ ಎದೆ ಧಸಕ್ಕೆಂದಿತು.

ಈ ಹೋರಾಟದ ನಡುವೆಯೇ, ಆ ಮನೆಯಲ್ಲಿದ್ದುಕೊಂಡೇ, ಹಂಟ್ 1966ರಲ್ಲಿ ‘ಸ್ಟಿಗ್ಮ’ ಎಂಬ ಪ್ರಬಂಧ ಸಂಗ್ರಹವನ್ನು ಸಂಪಾದಿಸಿದರು. ಹೆಸರನ್ನು ಕನ್ನಡದಲ್ಲಿ ‘ಕಳಂಕ’ ಎನ್ನಬಹುದು. ಹನ್ನೆರಡು ಮಂದಿ ಅಂಗವಿಕಲರ ಹನ್ನೆರಡು ಪ್ರಬಂಧಗಳು. ಮುನ್ನುಡಿ ಬರೆದವರು ಇಂಗ್ಲೆಂಡಿನ ವೃದ್ಧಾಶ್ರಮಗಳ ಸ್ಥಿತಿಯನ್ನು ಊರೂರು ತಿರುಗಿ ಸಮೀಕ್ಷಿಸಿದ್ದ ಪೀಟರ್ ಟೌನ್‌ಸೆಂಡ್. ಸಂಪಾದಕರು ಹಾಕಿಕೊಂಡ ನಿಯಮ ಗಮನಾರ್ಹವಾದುದು: ಕಣ್ಣೀರಿನ ಆತ್ಮಕಥೆ ಬೇಡ, ರೋಗದ ವಿವರಗಳ ಪಟ್ಟಿ ಬೇಡ. ತಾವು ಕನಿಕರದ ವಸ್ತುಗಳಾಗಲಿ ಧೈರ್ಯದ ಆದರ್ಶಗಳಾಗಲಿ ಆಗಲೊಲ್ಲೆವು ಎಂಬುದು ಈ ಸಂಗ್ರಹದ ಹಟ. ನಮ್ಮ ಪತ್ರಿಕೆಗಳಲ್ಲಿ ಅಂಗವಿಕಲರ ಬಗ್ಗೆ ಬರುವ ಲೇಖನಗಳನ್ನು ನೆನೆಸಿಕೊಂಡರೆ, ಅವು ಬಹುಮಟ್ಟಿಗೆ ಈ ಎರಡು ಅಚ್ಚುಗಳಲ್ಲಿ ಒಂದರಿಂದ ಹೊರಬಂದವೇ ಆಗಿವೆ. ನಮ್ಮ ಈ ಮಾಸಿಕವೂ ಅದಕ್ಕೆ ಹೊರತಲ್ಲ.

ಸಂಗ್ರಹದ ಕಿರೀಟಪ್ರಾಯವಾದುದು ಹಂಟ್ ಅವರದೇ ಪ್ರಬಂಧ. ಅಂಗವಿಕಲರನ್ನು ಸಮಾಜ ಐದು ಬಗೆಯಲ್ಲಿ ಕಾಣುತ್ತದೆಯೆಂದು ಅವರು ವಿಂಗಡಿಸುತ್ತಾರೆ: ದುರದೃಷ್ಟವಂತರು, ನಿರುಪಯುಕ್ತರು, ಭಿನ್ನರು, ದಮನಕ್ಕೊಳಗಾದವರು, ರೋಗಿಗಳು. ಈ ಐದನ್ನು ಅವರು ಅಳುತ್ತ ಅಲ್ಲಗಳೆಯುವುದಿಲ್ಲ. ಒಂದೊಂದನ್ನೂ ತಿರುಗಿಸಿ ಸಮಾಜದ ಮುಂದೆಯೇ ಹಿಡಿಯುತ್ತಾರೆ. ಉದಾಹರಣೆಗೆ ‘ನಿರುಪಯುಕ್ತ’ ಎಂಬ ಮಾತು. ದುಡಿಯಲಾರದವನಿಗೆ ಬೆಲೆಯಿಲ್ಲವೆನ್ನುವ ಲೋಕದಲ್ಲಿ ದುಡಿಯಲಾರದವನೊಬ್ಬ ಎದುರಿಗೆ ಬಂದು ಕುಳಿತರೆ, ಮನುಷ್ಯನ ಬೆಲೆ ದುಡಿಮೆಯಲ್ಲಿ ಮಾತ್ರ ಇದೆಯೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆರೋಗ್ಯವಂತನಿಗೆ ಅಂಗವಿಕಲನನ್ನು ಕಂಡರೆ ಆಗುವ ಕಸಿವಿಸಿಯ ಮೂಲ ಇಲ್ಲಿದೆಯೆಂದು ಹಂಟ್ ತೋರಿಸಿಕೊಡುತ್ತಾರೆ. ಬೆಳಗಿನ ಲೋಕಲ್ ಗಾಡಿ ಹಿಡಿಯುವುದೇ ಬಾಳಿನ ಸಾರ್ಥಕತೆಯೆಂಬಂತೆ ಓಡುವ ನಾವು ಈ ಪುಟಗಳನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸುವುದು ಸಾಧ್ಯವಿಲ್ಲ.

ಗುಣವನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಹನ್ನೆರಡು ಪ್ರಬಂಧಗಳ ಮಟ್ಟ ಒಂದೇ ಸಮನಾಗಿಲ್ಲ. ಬರೆದವರೆಲ್ಲರೂ ಚೆನ್ನಾಗಿ ಮಾತು ಬಲ್ಲವರು. ಮಾತೇ ಬಾರದವರ, ನೆನಪು ಕಳೆದುಕೊಂಡವರ ಪಾಡು ಇಲ್ಲಿ ಅಂಚಿನಲ್ಲೇ ಉಳಿದುಬಿಡುತ್ತದೆ. ಈ ವಿಷಯಕ್ಕೆ ಮುಂದೆ ಬರುತ್ತೇವೆ.

ಇನ್ನು ಎರಡನೆಯ ಗ್ರಂಥ. ತಮ್ಮ ಬೇಡಿಕೆಗಳಿಗೆ ವಿದ್ವಾಂಸರ ಬೆಂಬಲ ದೊರೆತರೆ ಆಡಳಿತ ಕಿವಿಗೊಟ್ಟೀತೆಂಬ ನಂಬಿಕೆಯಿಂದ ಲೆ ಕೋರ್ಟಿನ ನಿವಾಸಿಗಳೇ ಸಂಶೋಧಕರನ್ನು ಬರಮಾಡಿಕೊಂಡರು. ಬಂದವರು ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಮಿಲ್ಲರ್ ಮತ್ತು ಜೆರಾಲ್ಡಿನ್ ಗ್ವಿನ್. ಹಲವು ಸಂಸ್ಥೆಗಳನ್ನು ನೋಡಿ ಅವರು ಬರೆದ ‘ಎ ಲೈಫ್ ಅಪಾರ್ಟ್’ 1972ರಲ್ಲಿ ಪ್ರಕಟವಾಯಿತು. ‘ಬೇರ್ಪಟ್ಟ ಬಾಳು’ ಎಂದು ಕರೆಯೋಣ.

ಈ ಗ್ರಂಥವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಲೇಖಕರು ಪ್ರಾಮಾಣಿಕರು, ಈ ಮನೆಗಳಲ್ಲಿ ಓಡಾಡುವಾಗ ತಮ್ಮ ಮನಸ್ಸು ಹೇಗೆ ಕಲಕಿತೆಂಬುದನ್ನು ಮುಚ್ಚಿಡುವುದಿಲ್ಲ. ಸಂಸ್ಥೆಗಳಲ್ಲಿ ಎರಡು ಮಾದರಿಗಳಿವೆಯೆಂದು ಅವರು ಗುರುತಿಸುತ್ತಾರೆ. ಒಂದು ಗೋದಾಮಿನ ಮಾದರಿ: ಉಣ್ಣಿಸು, ತೊಳೆ, ಔಷಧ ಕೊಡು, ಆಯುಸ್ಸು ಬೆಳೆಸು. ಇಲ್ಲಿ ಸದ್ದಿಲ್ಲದೆ ಮಲಗಿರುವವನೇ ಒಳ್ಳೆಯ ನಿವಾಸಿ. ಇನ್ನೊಂದು ತೋಟಗಾರಿಕೆಯ ಮಾದರಿ: ಪ್ರತಿಯೊಬ್ಬನಲ್ಲೂ ಅಡಗಿರುವ ಶಕ್ತಿಗೆ ನೀರೆರೆದು ಬೆಳೆಸು. ಇಲ್ಲಿ ಸದಾ ಏನಾದರೊಂದು ಮಾಡುತ್ತ ನಗುನಗುತ್ತ ಇರುವವನು ಒಳ್ಳೆಯ ನಿವಾಸಿ. ಎರಡೂ ಸತ್ಯವನ್ನು ಮರೆಮಾಚುವ ಉಪಾಯಗಳೆಂಬುದು ಲೇಖಕರ ಅಭಿಪ್ರಾಯ. ಈ ವಿಂಗಡಣೆ ಎಷ್ಟು ಸೊಗಸಾಗಿದೆಯೆಂದರೆ, ನಾವು ಕಂಡ ಆಶ್ರಮಗಳನ್ನೆಲ್ಲ ಇದರಿಂದ ಅಳೆಯತೊಡಗಿದೆವು. ಕಂಬಳಿ ಗೋದಾಮಿನ ಮಾದರಿ. ಭಜನೆ, ಅಂತ್ಯಾಕ್ಷರಿ ತೋಟಗಾರಿಕೆಯ ಮಾದರಿ.

ಆದರೆ ಮರೆಯಾಗಿರುವ ಆ ಸತ್ಯ ಯಾವುದು? ಇಲ್ಲಿಗೆ ಬರುವಷ್ಟರಲ್ಲಿ ಈ ಜನರನ್ನು ಸಮಾಜ ಆಗಲೇ ಸತ್ತವರೆಂದು ಬರೆದುಹಾಕಿದೆ, ಸಾಮಾಜಿಕ ಮರಣಕ್ಕೂ ದೈಹಿಕ ಮರಣಕ್ಕೂ ನಡುವಿನ ಅವಧಿಯನ್ನು ಕಳೆಯಲು ನೆರವಾಗುವುದೇ ಸಂಸ್ಥೆಯ ಕೆಲಸ ಎಂದು ಲೇಖಕರು ಹೇಳುತ್ತಾರೆ. ಬಳಿಕ ಅವಲಂಬನೆ, ಸ್ವಾತಂತ್ರ್ಯ, ಬೆಂಬಲ ಈ ಮೂರನ್ನೂ ಹೊಂದಿಸಿ ಆ ಅವಧಿಯನ್ನು ಸಹ್ಯವಾಗಿಸುವ ಆಡಳಿತ ವ್ಯವಸ್ಥೆಯೊಂದನ್ನು ಸೂಚಿಸುತ್ತಾರೆ. ಮಾತು ಸೌಮ್ಯ, ಧಾಟಿ ಸಮತೋಲವುಳ್ಳದ್ದು. ಕರೆದವರೇನೋ ನಮ್ಮ ಬಾಳನ್ನು ನಾವೇ ನಡೆಸುವಂತಾಗಲು ನೆರವಾಗಿ ಎಂದು ಕರೆದಿದ್ದರು. ಬಂದವರು ನಿಮ್ಮ ತಿಥಿಯನ್ನು ಅಚ್ಚುಕಟ್ಟಾಗಿ ಮಾಡುವ ಕ್ರಮ ಇದು ಎಂದು ಬರೆದುಕೊಟ್ಟು ಹೋದರು.

ಹಂಟ್ ಅವರ ಉತ್ತರ ಕಟುವಾಗಿದೆ. ಅದರ ಶೀರ್ಷಿಕೆಯನ್ನೇ ಕನ್ನಡಿಸಿದರೆ ‘ಪರೋಪಜೀವಿಗಳೊಡನೆ ಲೆಕ್ಕ ತೀರಿಸುವುದು’ ಎಂದಾಗುತ್ತದೆ. ಇದು ಅಚ್ಚಾದದ್ದು 1981ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಎರಡು ವರ್ಷಗಳಾಗಿದ್ದವು. ಅವರ ವಾದದ ತಿರುಳು ಹೀಗಿದೆ: ಸಾಮಾಜಿಕ ಮರಣವೆಂಬುದು ವಿಧಿಯಲ್ಲ, ಯಾರೋ ಕೊಟ್ಟ ತೀರ್ಪು. ಆ ತೀರ್ಪು ಸರಿಯೇ ಎಂದು ಕೇಳದೆ, ಅದನ್ನು ಜಾರಿಗೊಳಿಸುವ ಬಗೆಯನ್ನಷ್ಟೇ ಚರ್ಚಿಸುವವನು ತಾನು ನಡುವೆ ನಿಂತಿದ್ದೇನೆಂದು ಹೇಳಿಕೊಳ್ಳುವಂತಿಲ್ಲ. ತೀರ್ಪು ಕೊಟ್ಟವರ ಪಕ್ಕದಲ್ಲಿ ಅವನು ಆಗಲೇ ನಿಂತುಬಿಟ್ಟಿದ್ದಾನೆ. ತೀವ್ರ ಅಂಗವಿಕಲರು ಸಂಸ್ಥೆಯ ಹೊರಗೆ ಬಾಳಬಹುದೇ ಎಂಬುದು ಬರಿಯ ಕನಸಿನ ಪ್ರಶ್ನೆಯೂ ಆಗಿರಲಿಲ್ಲ. ಸ್ವೀಡನ್ನಿನಲ್ಲಿ ಅರವತ್ತರ ದಶಕದಲ್ಲಿಯೇ ‘ಫೋಕುಸ್’ ಯೋಜನೆಯ ಮೂಲಕ ಸಾಮಾನ್ಯ ವಸತಿ ಕಟ್ಟಡಗಳ ನಡುವೆ ಹೊಂದಿಸಿ ಕಟ್ಟಿದ ಮನೆಗಳನ್ನೂ ಕರೆದಾಗ ಬರುವ ಸಹಾಯಕರನ್ನೂ ಒದಗಿಸುವ ಕೆಲಸ ಶುರುವಾಗಿತ್ತು.

‘ಪರೋಪಜೀವಿ’ ಎಂಬ ಶಬ್ದ ನಮಗೆ ಒಪ್ಪಿಗೆಯಾಗುವುದಿಲ್ಲ. ಮಿಲ್ಲರ್ ಮತ್ತು ಗ್ವಿನ್ ವಂಚಕರಲ್ಲ. ಅವರ ಕನಿಕರ ಸುಳ್ಳಲ್ಲ. ಆದರೆ ಈ ಶಬ್ದವನ್ನು ಹೊಡೆದುಹಾಕಿದರೂ ವಾದ ಅಲ್ಲಾಡುವುದಿಲ್ಲ. ಇನ್ನೊಬ್ಬರ ಕಷ್ಟವನ್ನು ಬರೆದು ವಿದ್ವಾಂಸರು ಹೆಸರು ಗಳಿಸಿದರು, ಕಷ್ಟಪಟ್ಟವರಿಗೆ ಏನೂ ದಕ್ಕಲಿಲ್ಲ ಎಂಬುದಕ್ಕೆ ಉತ್ತರ ಕಠಿಣ. ಹೊರಗಿನಿಂದ ಮಾತಾಡುವವನಿಗೂ ಒಳಗಿನಿಂದ ಮಾತಾಡುವವನಿಗೂ ಇರುವ ವ್ಯತ್ಯಾಸ ಜ್ಞಾನದ್ದಲ್ಲ, ಜಾಣ್ಮೆಯದ್ದೂ ಅಲ್ಲ. ಮಾತಾಡಿದ ಮೇಲೆ ರಾತ್ರಿ ಎಲ್ಲಿ ಮಲಗುತ್ತಾನೆಂಬುದೇ ಆ ವ್ಯತ್ಯಾಸ. ಹಂಟ್ ದೂರು ಕೊಟ್ಟ ರಾತ್ರಿ, ಯಾರ ಮೇಲೆ ದೂರು ಕೊಟ್ಟರೋ ಅವರ ಕೈಯಿಂದಲೇ ಹಾಸಿಗೆಗೆ ಏರಬೇಕಾಗಿತ್ತು. ‘ದಾನ ಕೊಟ್ಟ ದನದ ಹಲ್ಲು ಎಣಿಸಬೇಡ’ ಎಂಬ ಗಾದೆ ದಾನಿಗಳಿಗೆ ಬಹಳ ಪ್ರಿಯವಾದುದು. ಆದರೆ ಅದೇ ದನದ ಹಾಲನ್ನು ಕುಡಿದು ಬದುಕಬೇಕಾದವನು ಹಲ್ಲು ಎಣಿಸದಿದ್ದರೆ ಇನ್ನಾರು ಎಣಿಸಬೇಕು?

ಇಲ್ಲಿ ಗಮನಿಸಬೇಕಾದುದು ಇನ್ನೊಂದಿದೆ. ಹಂಟ್ ತಾನು ಹೊರಬಿದ್ದ ಮೇಲೆ ಬಾಗಿಲು ಹಾಕಿಕೊಳ್ಳಲಿಲ್ಲ. 1972ರ ಸೆಪ್ಟೆಂಬರಿನಲ್ಲಿ ‘ಗಾರ್ಡಿಯನ್’ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಇಂಥ ಮನೆಗಳಲ್ಲಿ ಅಂಗವಿಕಲರ ಮಾತಿಗೆ ಕಿವಿಗೊಡುವವರಿಲ್ಲ, ಅವರ ಅನುಭವ ಅಭಿಪ್ರಾಯಗಳನ್ನೇ ಮುಂದಿಡುವ ಒಂದು ಗುಂಪು ಕಟ್ಟೋಣ, ಆಸಕ್ತರು ಬರೆಯಿರಿ ಎಂದು. ಆ ಪತ್ರದಿಂದ ಹುಟ್ಟಿದ್ದೇ ಬೇರ್ಪಡಿಕೆಯನ್ನು ವಿರೋಧಿಸುವ ಅಂಗವಿಕಲರ ಒಕ್ಕೂಟ. ದಕ್ಷಿಣ ಆಫ್ರಿಕದಿಂದ ಬಂದಿದ್ದ ವಿಕ್ ಫಿಂಕಲ್‌ಸ್ಟೈನ್ ಮೊದಲಾದವರು ಜೊತೆಗೂಡಿದರು. ದೇಹದ ಊನ ಬೇರೆ, ಆ ಊನದ ಮೇಲೆ ಸಮಾಜ ಹೇರುವ ಅಶಕ್ತತೆ ಬೇರೆ ಎಂದು ಈ ಒಕ್ಕೂಟ 1976ರಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿ ಹೇಳಿತು. ಮೆಟ್ಟಿಲು ಹತ್ತಲಾಗದ್ದು ಕಾಲಿನ ಊನ. ಬರಿಯ ಮೆಟ್ಟಿಲನ್ನೇ ಕಟ್ಟಿದ್ದು ಸಮಾಜದ ಕೆಲಸ. ಇಂದು ಲೋಕದಾದ್ಯಂತ ಅಂಗವಿಕಲರ ಹಕ್ಕಿನ ಚರ್ಚೆ ಈ ತಳಹದಿಯ ಮೇಲೆಯೇ ಬಹುಮಟ್ಟಿಗೆ ನಡೆಯುತ್ತಿದೆ. ಮಲಗುವ ಹೊತ್ತಿನ ಜಗಳ ಎಲ್ಲಿಯವರೆಗೆ ಬಂದಿತೆಂಬುದನ್ನು ವಾಚಕರು ನೋಡಬೇಕು.

ಹಾಗೆಂದು ಹಂಟ್ ಅವರ ಮಾತೆಲ್ಲವನ್ನೂ ನಾವು ಕಣ್ಣುಮುಚ್ಚಿ ಒಪ್ಪುವುದಿಲ್ಲ. ಒಕ್ಕೂಟದ ಹೆಸರಿನಲ್ಲಿಯೇ ‘ದೈಹಿಕ ಊನ’ವೆಂಬ ಮಿತಿಯಿತ್ತು. ಮರೆವಿನ ರೋಗದಿಂದ ಮಕ್ಕಳ ಗುರುತನ್ನೂ ಕಳೆದುಕೊಂಡ ಮುದುಕಿಯ ಪರವಾಗಿ ಮಾತಾಡಬೇಕಾದವರು ಯಾರು? ಅವಳೇ ಮಾತಾಡಲಿ ಎನ್ನುವಂತಿಲ್ಲ. ಪಕ್ಕದ ಮಂಚದವಳು ಮಾತಾಡಬೇಕು. ಅವಳಿಗೂ ಆಗದಿದ್ದರೆ ಹೊರಗಿನವರೇ ಬರಬೇಕು. ಎರಡನೆಯದಾಗಿ, ‘ಸ್ಟಿಗ್ಮ’ದಲ್ಲಿ ಸೇವಕರ ದನಿಯಿಲ್ಲ. ನಮ್ಮ ಊರಿನ ಆಶ್ರಮಗಳಲ್ಲಿ ಅಲ್ಪ ಸಂಬಳಕ್ಕೆ ರಾತ್ರಿ ಪಾಳಿ ಮಾಡುವ ಆಯಾ ಸಹ ಬಾಯಿ ಬಿಡಲಾರದವಳೇ. ದೀಪ ಎಂಟಕ್ಕೆ ಆರುವುದು ಎಷ್ಟೋ ಕಡೆ ಕ್ರೌರ್ಯದಿಂದಲ್ಲ, ನಲವತ್ತು ಮಂದಿಗೆ ಒಬ್ಬಳೇ ಆಯಾ ಇರುವುದರಿಂದ. ಮೂರನೆಯದಾಗಿ, ಆಶ್ರಮವೆಂಬುದೇ ಸೆರೆಮನೆ ಎನ್ನುವುದು ಎಲ್ಲರ ಪಾಲಿಗೂ ನಿಜವಲ್ಲ. ಚಾಳಿನ ಒಂದೇ ಖೋಲಿಯಲ್ಲಿ ಆರು ಮಂದಿಯ ನಡುವೆ ಕಾಲು ಮಡಿಸಿ ಮಲಗುತ್ತಿದ್ದ ವಿಧುರರೊಬ್ಬರು, ಸ್ವಂತ ಮಂಚವಿರುವ ಆಶ್ರಮವನ್ನು ತಾವಾಗಿಯೇ ಆರಿಸಿಕೊಂಡದ್ದನ್ನು ನಾವು ಬಲ್ಲೆವು. ಒಂದೇ ಬಾಗಿಲಿರುವಲ್ಲಿ ಆರಿಸಿಕೊಳ್ಳುವುದೆಂದರೇನು ಎಂದು ಹಂಟ್ ಕೇಳಿಯಾರು. ಕೇಳಲಿ, ಆ ಬಾಗಿಲೊಳಗೆ ಹೋದವರು ಇಂದಿನ ರಾತ್ರಿ ಹೇಗೆ ಬಾಳಬೇಕೆಂಬ ಪ್ರಶ್ನೆಯಂತೂ ಉಳಿದೇ ಉಳಿಯುತ್ತದೆ.

ಆ ಪ್ರಶ್ನೆಗೆ ನಮ್ಮ ಕಾನೂನು ಏನು ಹೇಳುತ್ತದೆ? ತಂದೆತಾಯಂದಿರ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯ 19ನೆಯ ಕಲಮಿನಲ್ಲಿ ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಆಶ್ರಯ ಎಂಬ ಮಾತಿದೆ. ಸೇವೆಗಳ ಮಟ್ಟ, ವೈದ್ಯಕೀಯ ಆರೈಕೆ, ಮನರಂಜನೆಯ ಸಾಧನಗಳ ಮಾತೂ ಇದೆ. ನಿವಾಸಿಗಳ ಅಭಿಪ್ರಾಯ ಕೇಳಬೇಕು, ಅವರದೊಂದು ಸಮಿತಿ ಇರಬೇಕು ಎಂಬ ಮಾತು ಆ ಕಲಮಿನಲ್ಲಿ ಇಲ್ಲ. ಗೋದಾಮು, ತೋಟ ಎರಡೂ ಬಂದವು, ಬಾಯಿ ಬರಲಿಲ್ಲ. ಅಮೆರಿಕದಲ್ಲಿ 1987ರ ಕಾಯಿದೆ ಶುಶ್ರೂಷಾ ಗೃಹಗಳ ನಿವಾಸಿಗಳಿಗೆ ಗುಂಪು ಕಟ್ಟಿಕೊಳ್ಳುವ, ಕಿರುಕುಳದ ಭಯವಿಲ್ಲದೆ ದೂರು ಹೇಳುವ ಹಕ್ಕನ್ನು ಬರಹದಲ್ಲಿಯೇ ಕೊಟ್ಟಿತು. ಬರಹದಲ್ಲಿ ಇದ್ದುದೆಲ್ಲ ನಡೆಯುತ್ತದೆಂದು ನಾವು ಹೇಳುವುದಿಲ್ಲ. ಬರಹವಿದ್ದರೆ ತೋರಿಸಿ ಕೇಳಬಹುದು, ಅಷ್ಟೆ.

ಈ ಓದಿನಿಂದ ನಮ್ಮ ಸಂಘಕ್ಕೆ ಬಂದ ಬುದ್ಧಿ ಸಣ್ಣದು. ಹೋದ ಮಳೆಗಾಲದಲ್ಲಿ ಫೋಟೋದವರನ್ನು ಬಿಟ್ಟು, ಬರಿಗೈಯಲ್ಲಿ ಹೋಗಿ, ಆ ಹಿರಿಯರ ಕ್ಷಮೆ ಕೇಳಿದೆವು. ನಾವೇನು ಮಾಡಬೇಕು ಹೇಳಿ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಏನೂ ಹೇಳಬ್ಯಾಡ್ರಿ. ನೂರು ಪುಟದ್ದೊಂದು ವಹಿ, ಎರಡು ಪೆನ್ನು ತಂದುಕೊಡ್ರಿ” ಎಂದರು. ಕೊಟ್ಟು ಬಂದೆವು. ಮುಂದಿನ ಸಲ ಹೋದಾಗ ವಹಿಯ ಒಂದು ಹಾಳೆ ತೋರಿಸಿದರು. ದೀಪದ ವಿಷಯವಾಗಿ ಮರಾಠಿಯಲ್ಲಿ ನಾಲ್ಕು ಸಾಲಿನ ವಿನಂತಿ, ರಾತ್ರಿ ಪಾಳಿಗೆ ಇನ್ನೊಬ್ಬ ಆಯಾಳನ್ನು ನೇಮಿಸಬೇಕೆಂದು ಎರಡು ಸಾಲು, ಕೆಳಗೆ ಹನ್ನೊಂದು ಸಹಿ. ಸಹಿಗಳನ್ನು ಒಂದರ ಕೆಳಗೊಂದು ಹಾಕಿರಲಿಲ್ಲ. ಬಳೆಯಂತೆ ಸುತ್ತಲೂ ಹಾಕಿದ್ದರು. ಯಾರದು ಮೊದಲ ಹೆಸರೆಂದು ಯಾರಿಗೂ ತಿಳಿಯುವಂತಿರಲಿಲ್ಲ. “ಮಿಲ್ಲಿನಾಗ ಹಿಂಗ ಮಾಡತಿದ್ವಿ” ಎಂದರು.

ವಿನಂತಿಗೆ ಉತ್ತರ ಇನ್ನೂ ಬಂದಿಲ್ಲ. ದೀಪ ಈಗಲೂ ಎಂಟಕ್ಕೇ ಆರುತ್ತದೆ. ಈ ವರ್ಷದ ದೀಪಾವಳಿಗೆ ಸಂಘದಿಂದ ಏನು ಒಯ್ಯಬೇಕೆಂಬ ಚರ್ಚೆ ಕಾರ್ಯಕಾರಿ ಸಮಿತಿಯ ಮುಂದಿದೆ. ಆ ಹನ್ನೊಂದು ಮಂದಿಯನ್ನು ಕೇಳಿಯೇ ತೀರ್ಮಾನಿಸಬೇಕೆಂದು ನಾವು ಸೂಚಿಸಿದ್ದೇವೆ. ಸದಸ್ಯರು ಒಪ್ಪುವರೆಂದು ನಂಬಿದ್ದೇವೆ.